ಪಟ್ಟಿಯಲ್ಲಿಲ್ಲದ ಅಂಕಿ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಚಕ್ಕೋತ ಕೊಳ್ಳುವಾಗ ಒಂದನ್ನು ಅಲ್ಲೇ ಸುಲಿಸಿ, ತೊಳೆ ಬಾಯಿಗೆ ಹಾಕಿ ನೋಡದೆ ಎರಡನೆಯದಕ್ಕೆ ಕೈ ಹಾಕುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಮೀಟರು ಸೊನ್ನೆಗೆ ಬಂದದ್ದನ್ನು ಕಾರಿನಿಂದ ಇಳಿದು ನಿಂತೇ ನೋಡುತ್ತೇನೆ. "ತಾ ಕಳ್ಳ ಪರರ ನಂಬ ಅಂತಾರಲ್ಲ, ಹಂಗಾಯ್ತು ನಿಮ್ಮ ಕಥೆ" ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ. ನನಗೆ ನಗು ಬರುವುದಿಲ್ಲ. ಅನುಮಾನ ಪಡದವನು ಭೌತಶಾಸ್ತ್ರ ಏನು ಕಲಿಸಿಯಾನು?

ನನ್ನ ಹೆಸರು ಮನೋಹರ್. ದೇವನಹಳ್ಳಿ ಆಚೆಗಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ತಲೆಯ ಮೇಲೆ ವಿಮಾನ ಹಾದಾಗ ಪಾಠ ನಿಲ್ಲಿಸಿ, ಅದು ಹೋದ ಮೇಲೆ ಅರ್ಧಕ್ಕೆ ಬಿಟ್ಟ ವಾಕ್ಯದಿಂದಲೇ ಮುಂದುವರಿಸುವುದು ಇಲ್ಲಿ ನಮಗೆಲ್ಲ ರೂಢಿ. ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ಸಿನ ಒಳರಚನೆಯನ್ನು ಲೆಕ್ಕದಲ್ಲಿ ಕಟ್ಟುವುದು ನನ್ನ ಕೆಲಸ. ಅದರಲ್ಲೂ ಪ್ರೋಟಾನ್ ಮತ್ತು ನ್ಯೂಟ್ರಾನ್ ಸಮಸಮ ಇರುವ ನ್ಯೂಕ್ಲಿಯಸ್ಸುಗಳು. ಇಂಗಾಲ, ಆಮ್ಲಜನಕದಂಥ ಸಣ್ಣವುಗಳಲ್ಲಿ ಈ ಸಮಪಾಲು ಸಾಮಾನ್ಯ. ದೊಡ್ಡದಾಗುತ್ತ ಹೋದ ಹಾಗೆ ಪ್ರೋಟಾನ್‌ಗಳು ಒಂದನ್ನೊಂದು ತಳ್ಳಾಡುವುದು ಹೆಚ್ಚುತ್ತದೆ, ಅವನ್ನು ಹಿಡಿದಿಡಲು ನ್ಯೂಟ್ರಾನ್‌ಗಳೇ ಹೆಚ್ಚು ಬೇಕಾಗುತ್ತವೆ. ಹಾಗಾಗಿ ನಲವತ್ತೆರಡು ಪ್ರೋಟಾನ್, ನಲವತ್ತೆರಡೇ ನ್ಯೂಟ್ರಾನ್ ಇರುವ ಮಾಲಿಬ್ಡಿನಮ್ ಭೂಮಿಯಲ್ಲಿ ಅಗೆದರೆ ಸಿಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಹುಟ್ಟಿಸಬೇಕು, ಹುಟ್ಟಿದ್ದು ಎರಡು ಮೂರು ಸೆಕೆಂಡಿನಲ್ಲಿ ಕಣ್ಮರೆ.

ಅದಕ್ಕೆ ಶಕ್ತಿ ಕೊಟ್ಟರೆ ಮೆಟ್ಟಿಲು ಹತ್ತಿದಂತೆ ಒಂದೊಂದೇ ನಿಗದಿತ ಮಟ್ಟಕ್ಕೆ ಏರುತ್ತದೆ. ಯಾವ ಮೆಟ್ಟಿಲು ಎಷ್ಟು ಎತ್ತರ ಎಂದು ಅಳೆಯುವ ಮುಂಚೆಯೇ ಲೆಕ್ಕ ಹಾಕಿ ಹೇಳುವುದು ನಮ್ಮ ಪಂದ್ಯ. ಅದಕ್ಕೆ ಒಳಗಿನ ಕಣಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಎಳೆಯುತ್ತವೆ ಎಂದು ತಿಳಿಸುವ ನೂರಾರು ಸಂಖ್ಯೆಗಳ ಒಂದು ಕಡತ ಬೇಕು. ನಾವದನ್ನು ಬಲಪಟ್ಟಿ ಎನ್ನುತ್ತೇವೆ. ನಮ್ಮ ವಿಭಾಗದಲ್ಲಿ ಬಳಸುವ ಬಲಪಟ್ಟಿಯನ್ನು 2012ರಲ್ಲಿ ಕಟ್ಟಿದವನು ನಾನು. ನನಗೆ ಈ ಕೆಲಸ ಕೊಡಿಸಿದ್ದೂ ಅದೇ, ಸಮ್ಮೇಳನಗಳಲ್ಲಿ ನಾಲ್ಕು ಜನ ಬಂದು ಕೈ ಕುಲುಕುವಂತೆ ಮಾಡಿದ್ದೂ ಅದೇ. ಆದರೂ ಉತ್ತರ ನೂರೈವತ್ತು ಅಂಕ ಆಚೆ ಈಚೆ ಬರುವುದು ಮಾಮೂಲು. ನೂರರೊಳಗೆ ಬಂದರೆ ನಾವು ಮೈಸೂರು ಪಾಕ್ ತರಿಸುತ್ತೇವೆ.

ಲೆಕ್ಕ ಮಾಡುವವರು ಉತ್ತರ ನೋಡಬಾರದು ಎಂಬುದು ನಾನು ತಂದ ಕಟ್ಟಳೆ. ಉತ್ತರ ಗೊತ್ತಿದ್ದರೆ ಎಂಥ ಪ್ರಾಮಾಣಿಕನ ಕೈಯೂ ಅತ್ತಲೇ ಜಾರುತ್ತದೆ. ನನ್ನ ಹಳೆಯ ಗೆಳೆಯ ವಸಂತ್ ಹೊರದೇಶದ ಒಂದು ಪ್ರಯೋಗ ತಂಡದಲ್ಲಿದ್ದಾನೆ. ಅವರು ಆ ಮಾಲಿಬ್ಡಿನಮ್ಮಿನ ಎರಡನೇ ಮೆಟ್ಟಿಲನ್ನು ಹೊಸದಾಗಿ ಅಳೆದಿದ್ದರು, ಎಲ್ಲೂ ಪ್ರಕಟವಾಗಿರಲಿಲ್ಲ. ಫೆಬ್ರವರಿಯಲ್ಲಿ ರಜೆಗೆ ಬಂದಾಗ ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟು ಹೋದ. ನಾನೂ ನೋಡಲಿಲ್ಲ. ನನ್ನ ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ವಿಭಾಗದ ಅಟೆಂಡರ್ ಪಿಳ್ಳಣ್ಣನ ಹತ್ತಿರ.

ಲೆಕ್ಕ ಮಾಡಬೇಕಾಗಿದ್ದವಳು ಅಕ್ಷತ, ನನ್ನ ಪಿಎಚ್‌ಡಿ ವಿದ್ಯಾರ್ಥಿನಿ. ಅನುಗೊಂಡನಹಳ್ಳಿ ಕಡೆಯವಳು, ಮಾತು ಕಡಿಮೆ, ಕೆಲಸ ಗಟ್ಟಿ. ಅವಳ ನೋಂದಣಿಯ ಅವಧಿ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಥೀಸಿಸ್ ಒಪ್ಪಿಸದಿದ್ದರೆ ಆರು ವರ್ಷದ ದುಡಿಮೆ ನೀರಿಗೆ ಹಾಕಿದ ಹಾಗೆ. ಒಪ್ಪಿಸಲು ನನ್ನ ಸಹಿ ಬೇಕು. 'ಈ ಕೃತಿ ವಿದ್ಯಾರ್ಥಿಯ ಸ್ವಂತ ಮತ್ತು ಪ್ರಾಮಾಣಿಕ ಕೆಲಸ' ಎಂಬ ಸಾಲಿನ ಕೆಳಗೆ.

ಜೂನ್ ಎರಡನೇ ವಾರ ವಿಭಾಗದವರೆಲ್ಲ ಸೇರಿದೆವು. ಅಕ್ಷತ ತನ್ನ ಉತ್ತರ ಓದಿದಳು: ಸಾವಿರದ ನೂರ ಮೂವತ್ತೊಂಬತ್ತು. ನಾನು ಎಲ್ಲರೆದುರಿಗೆ ವಸಂತನ ಲಕೋಟೆ ಹರಿದೆ. ಸಾವಿರದ ನೂರ ಮೂವತ್ತೇಳು.

ಚಪ್ಪಾಳೆಯೋ ಚಪ್ಪಾಳೆ. ವಿಭಾಗದ ಮುಖ್ಯಸ್ಥರು ಆಗಲೇ ಪತ್ರಿಕಾ ಹೇಳಿಕೆ, ಸನ್ಮಾನ ಎನ್ನತೊಡಗಿದರು. ನಾನು ಮಾತ್ರ ಎರಡು ಅಂಕಿಗಳನ್ನೂ ಕಾಗದದ ಮೇಲೆ ಬರೆದು ಕಳೆದು ನೋಡಿದೆ. ನೂರೈವತ್ತು ಆಚೀಚೆ ಬರಬೇಕಾದದ್ದು ಬರೀ ಎರಡು! ಬೆಳ್ಳಗಿರುವುದೆಲ್ಲ ಹಾಲಲ್ಲ. ನಾನು ಅಕ್ಷತಳ ಮುಖ ನೋಡಿದೆ. ಗೆದ್ದವಳು ನಗಬೇಕಿತ್ತು. ಅವಳು ತಲೆ ತಗ್ಗಿಸಿಕೊಂಡು, ಕೈಗೆ ಕಟ್ಟಿದ್ದ ವಾಚಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಆ ಹರಿದ ಲಕೋಟೆಯನ್ನು ದೀಪದ ಕೆಳಗೆ ಹಿಡಿದೆ. ಅಂಟಿನ ಒಂದು ಮೂಲೆ ಸುಕ್ಕಾಗಿತ್ತು. ಹಬೆಗೆ ಹಿಡಿದು ಬಿಡಿಸಿ ಮತ್ತೆ ಅಂಟಿಸಿದ್ದಾಳೆಯೇ? ಕ್ಯಾಂಟೀನಿನ ಕೆಟಲ್ ನಮ್ಮ ಮಹಡಿಯಲ್ಲೇ ಇದೆ. ಪಿಳ್ಳಣ್ಣನನ್ನು ಕರೆದೆ.

"ಪಿಳ್ಳಣ್ಣ, ನನ್ನ ಬೀರು ತೆಗೆದಿದ್ಯಾ?"

"ಯಾವಾಗ್ ಸಾರ್?"

"ಯಾವಾಗಾದ್ರೂ."

ಅವನು ಗೋಡೆ ನೋಡಿದ. "ಚಾಕ್‌ಪೀಸ್ ಡಬ್ಬ ಮಡಗಕ್ಕೆ ತೆಗ್ದಿದ್ದೆ."

"ಅಕ್ಷತ ಜೊತೆಗಿದ್ಲಾ?"

"ಸಾರ್, ಲಕೋಟೆ ವಿಸ್ಯ ನಾನ್ ಏನೂ ಹೇಳೋ ಹಂಗಿಲ್ಲ."

"ನಾನು ಲಕೋಟೆ ಅಂದೇ ಇಲ್ಲವಲ್ಲಯ್ಯಾ!"

ಪಿಳ್ಳಣ್ಣ ನಾಲಿಗೆ ಕಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎಷ್ಟು ಗದರಿದರೂ, "ಮಾತು ಕೊಟ್ಟಿದ್ದೀನಿ ಸಾರ್, ಕ್ಯಾಮೆ ಹೋದ್ರೂ ಹೇಳಕ್ಕಿಲ್ಲ" ಎಂದು ಹೊರಟೇಹೋದ. ಹತ್ತು ವರ್ಷದಿಂದ ನನಗೆ ಟೀ ತಂದುಕೊಟ್ಟ ಮನುಷ್ಯ. ನನಗೆ ಸಿಟ್ಟಿಗಿಂತ ಒಂದು ಬಗೆಯ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮೂಗು ಸುಳ್ಳು ಹೇಳಿರಲಿಲ್ಲ.

ಮರುದಿನ ಅಕ್ಷತಳನ್ನು ಕೂರಿಸಿಕೊಂಡೆ. ಕಂಪ್ಯೂಟರಿನ ದಾಖಲೆಗಳನ್ನೆಲ್ಲ ಕೇಳಿದೆ. ತಾರೀಖು, ಗಂಟೆ, ನಿಮಿಷ ಸಹಿತ ಜೋಡಿಸಿ ಕೊಟ್ಟಳು. ಒಂದು ಅಕ್ಷರ ತಪ್ಪಿಲ್ಲ. ಇಷ್ಟು ಒಪ್ಪವಾಗಿ ಯಾರು ಇಟ್ಟುಕೊಳ್ಳುತ್ತಾರೆ, ಒಂದು ದಿನ ಕೇಳುತ್ತಾರೆ ಎಂದು ಮೊದಲೇ ಗೊತ್ತಿದ್ದವರಲ್ಲದೆ?

"ನೇರ ಕೇಳ್ತೀನಿ ಅಕ್ಷತಾ. ಲಕೋಟೆ ನೋಡಿದ್ಯಾ?"

ಅವಳ ಕಣ್ಣು ಕೆಂಪಾಯಿತು, ಧ್ವನಿ ಮಾತ್ರ ಅಲುಗಲಿಲ್ಲ. "ವಸಂತ್ ಸರ್ ಲಕೋಟೆ ನಾನು ಮುಟ್ಟಿಲ್ಲ ಸರ್. ನಿಮ್ಮ ಬಲಪಟ್ಟಿ ಹಾಕಿದ್ರೆ ಅದೇ ಉತ್ತರ ಬರತ್ತೆ. ನೀವೂ ಒಂದ್ಸಲ ಹಾಕಿ ನೋಡಿ."

"ನನಗೆ ಹೇಳಿಕೊಡೋಕೆ ಬರ್ಬೇಡ."

"ಇಲ್ಲ ಸರ್. ಎರಡು ವರ್ಷದ ಕೆಳಗೆ ಒಂದ್ಸಲ ಕೇಳಿದ್ದೆ. ಬಲಪಟ್ಟಿ ಕಟ್ಟೋವಾಗ ಯಾವ್ಯಾವ ಅಂಕಿ ಇಟ್ಕೊಂಡಿದ್ರಿ, ಆ ಮೂಲಪಟ್ಟಿ ಕೊಡಿ ಅಂತ."

ಕೇಳಿದ್ದು ನಿಜ. ಅದು ಎಲ್ಲೋ ಕಳೆದುಹೋಗಿದೆ, ಪ್ರಬಂಧದಲ್ಲಿ ಅಚ್ಚಾಗಿದೆಯಲ್ಲ ಅದನ್ನೇ ನೋಡಿಕೋ ಎಂದು ನಾನು ಗದರಿಸಿ ಕಳಿಸಿದ್ದೆ. ಈಗ ವಿಷಯ ಬದಲಾಯಿಸಲು ಅದನ್ನು ಎಳೆದು ತರುತ್ತಿದ್ದಾಳೆ ಎನ್ನಿಸಿ ನನಗೆ ಮೈಯೆಲ್ಲ ಉರಿಯಿತು. ತನಿಖೆ ಮುಗಿಯುವವರೆಗೂ ಸಹಿ ಇಲ್ಲ ಎಂದುಬಿಟ್ಟೆ. ಆಗ ಮೂವತ್ತಕ್ಕೆ ಹದಿನೇಳು ದಿನ ಉಳಿದಿತ್ತು.

ಭಾನುವಾರ ಅನುಗೊಂಡನಹಳ್ಳಿಗೆ ಹೋದೆ. ಹೊಸಕೋಟೆಯಲ್ಲಿ ಒಬ್ಬರನ್ನು ನೋಡುವುದಿತ್ತು, ಹಾಗೇ ಬಂದೆ ಎಂದು ಸುಳ್ಳು ಕಟ್ಟಿಕೊಂಡಿದ್ದೆ. ನಿಜಕ್ಕೆ ಅವಳ ಮನೆಯಲ್ಲಿ ಏನಾದರೂ ಬಾಯಿ ತಪ್ಪಿ ಹೊರಬೀಳುತ್ತದೆಯೇ ಎಂಬ ಆಸೆ. ಅಕ್ಷತ ಮನೆಯಲ್ಲಿರಲಿಲ್ಲ. ಅವಳ ತಾಯಿ ಮುನಿತಾಯಮ್ಮ ಸಂಜೆಯ ಹಾಲು ಕರೆದು, ಡೈರಿಗೆ ಹೊರಟು ನಿಂತಿದ್ದರು. ಕ್ಯಾನು ಕೆಳಗಿಟ್ಟು ಸೆರಗಿನಿಂದ ಕುರ್ಚಿ ಒರೆಸಿದರು.

"ಕುಂತ್ಕಳಿ ಸಾರ್. ನಮ್ ಹುಡ್ಗಿ ಯಾಕೋ ನಾಕ್ ದಿನದಿಂದ ಸರ್ಯಾಗಿ ಉಂಡಿಲ್ಲ. ಏನಾರ ತೆಪ್ಪು ಮಾಡೈತಾ?"

ಇಲ್ಲ ಎನ್ನಲೂ ಆಗದೆ, ಹೌದು ಎನ್ನಲೂ ಆಗದೆ, "ಲೆಕ್ಕ ಸ್ವಲ್ಪ ಅನುಮಾನಕ್ಕೆ ಬಂದಿದೆ ಅಮ್ಮಾ" ಎಂದೆ.

ಆಕೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಕ್ಯಾನಿನ ಪಕ್ಕ ನೆಲದ ಮೇಲೆ ಕೂತು ಹೇಳಿದರು. "ನನ್ ಮ್ಯಾಲೂ ಹಿಂಗೇ ಬಂದಿತ್ತು ಸಾರ್. ಹೋದ್ ವರ್ಸ. ನನ್ ಹಾಲ್ಗೆ ಡಿಗ್ರಿ ಬರಲ್ಲ, ನೀರ್ ಹುಯ್ತಾಳೆ ಅಂತ ಡೈರಿಲಿ ಎಲ್ರ ಮುಂದೆ ಅಂದ್ಬುಟ್ರು. ಮೂರ್ ತಿಂಗ್ಳು ತಲೆ ಎತ್ತಿಲ್ಲ ನಾನು. ಆಮೇಕೆ ಒಂದಿನ ಇವ್ಳೇ ಬಂದು, ಅಮ್ಮಾ ಹಾಲ್ ಬುಡು, ಆ ಅಳ್ಯೋ ಕಡ್ಡೀನ ನೋಡನಾ ಅಂದ್ಳು. ಬೇರೆ ಊರಿನ ಡೈರಿಯಿಂದ ಕಡ್ಡಿ ತಂದು ಮುಳುಗ್ಸಿ ನೋಡುದ್ರೆ, ನಮ್ಮೂರ್ ಕಡ್ಡಿನೇ ಸುಳ್ ಹೇಳ್ತಿತ್ತು. ಊರೆಲ್ಲ ಹಾಲ್ ಮ್ಯಾಲೆ ಅನುಮಾನ ಪಟ್ರು, ಕಡ್ಡಿ ಮ್ಯಾಲೆ ಒಬ್ರೂ ಪಡ್ಲಿಲ್ಲ."

ಅವರು ಕೊಟ್ಟ ನೊರೆ ಹಾಲಿನ ಕಾಫಿ ಕುಡಿದು ಹೊರಟೆ. ಹೊಸಕೋಟೆ ದಾರಿಯುದ್ದಕ್ಕೂ ಆ ಕಡ್ಡಿ ತಲೆಯಲ್ಲಿ ತೇಲುತ್ತಲೇ ಇತ್ತು. ನೀವೂ ಒಂದ್ಸಲ ಹಾಕಿ ನೋಡಿ ಎಂದಿದ್ದಳಲ್ಲ ಅವಳು.

ಸೋಮವಾರ ನಾನೇ ಕೂತು ಲೆಕ್ಕ ಓಡಿಸಿದೆ. ನನ್ನ ಬಲಪಟ್ಟಿ, ನನ್ನ ಯಂತ್ರ, ಬಾಗಿಲಿಗೆ ಚಿಲಕ. ಬುಧವಾರ ಮಧ್ಯಾಹ್ನ ಉತ್ತರ ಬಂತು: ಸಾವಿರದ ನೂರ ಮೂವತ್ತೊಂಬತ್ತು. ಹಾಗಾದರೆ ಅವಳು ಲಕೋಟೆ ಬಿಚ್ಚಬೇಕಾಗಿಯೇ ಇರಲಿಲ್ಲ. ನನ್ನ ಕಡ್ಡಿಯನ್ನು ಯಾರು ಮುಳುಗಿಸಿದರೂ ಅದೇ ಡಿಗ್ರಿ. ಸಂತೋಷಪಡಬೇಕಾಗಿತ್ತು ನಾನು. ಹದಿಮೂರು ವರ್ಷದ ಹಿಂದೆ ಕಟ್ಟಿದ ಬಲಪಟ್ಟಿ ಇಂದಿನ ಅಳತೆಯನ್ನು ಎರಡೇ ಅಂಕದೊಳಗೆ ಹೇಳಿತ್ತು. ಆದರೆ ಉಳಿದ ಮೆಟ್ಟಿಲುಗಳನ್ನೂ ಓಡಿಸಿ ನೋಡಿದರೆ ನೂರು, ನೂರಿಪ್ಪತ್ತು, ನೂರರವತ್ತು ಆಚೀಚೆ. ಈ ಒಂದು ಮಾತ್ರ ಗುಂಡಿಗೆ ಅಳತೆ ಮಾಡಿ ಕೊರೆದ ಕಾಜದ ಹಾಗೆ ಕೂತಿತ್ತು.

ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇತ್ತು. ಕಳೆದುಹೋಗಿದೆ ಎಂದು ಅಕ್ಷತಳಿಗೆ ಹೇಳಿದ್ದೆನಲ್ಲ, ಹುಡುಕಿಯೇ ಇರಲಿಲ್ಲ ಎಂಬುದು ನಿಜ. ತೆರೆದೆ. ಮೂಲಪಟ್ಟಿ ಸಿಕ್ಕಿತು.

ಬಲಪಟ್ಟಿ ಕಟ್ಟುವುದೆಂದರೆ, ಆಗಲೇ ಅಳೆದಿಟ್ಟಿರುವ ಮೆಟ್ಟಿಲುಗಳ ಎತ್ತರಗಳನ್ನು ಸಾಲಾಗಿ ಬರೆದು, ಅವೆಲ್ಲ ಆದಷ್ಟು ಸರಿಯಾಗಿ ಬರುವಂತೆ ಬಲಗಳನ್ನು ಹೊಂದಿಸುವುದು. ಪ್ರತಿ ಎತ್ತರದ ಪಕ್ಕ ಇನ್ನೊಂದು ಅಂಕಿ ಬರೆಯಬೇಕು, ಇದರಲ್ಲಿ ಎಷ್ಟು ತಪ್ಪಿರಬಹುದು ಎಂದು. ಆ ಅಂಕಿ ಚಿಕ್ಕದಾದಷ್ಟೂ ಯಂತ್ರ ಆ ಎತ್ತರವನ್ನು ಹೆಚ್ಚು ನಂಬುತ್ತದೆ, ಉಳಿದವನ್ನು ಅದಕ್ಕಾಗಿ ಬಗ್ಗಿಸುತ್ತದೆ. ಪ್ರಬಂಧದಲ್ಲಿ ಅಚ್ಚಾಗಿದ್ದ ಎತ್ತರಗಳು ಐವತ್ತೆಂಟು. ಡಿಸ್ಕಿನಲ್ಲಿ ಐವತ್ತೊಂಬತ್ತು. ಎಲ್ಲದರ ಪಕ್ಕವೂ ನೂರು ಎಂದಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಹೀಗೆ: 1140, ಪಕ್ಕದಲ್ಲಿ 5.

ಆಗ ನೆನಪಾಯಿತು. 2012, ಒಂದು ಸಮ್ಮೇಳನದ ಊಟದ ಸಾಲು. ತಟ್ಟೆ ಬದಿಗಿಟ್ಟು ವಸಂತ್ ಲ್ಯಾಪ್‌ಟಾಪ್ ತೆರೆದು ಒಂದು ಗೆರೆ ತೋರಿಸಿದ್ದ. "ಲೇ ಮನೋಹರ, ಇದು ಸಮಪಾಲಿನ ಮಾಲಿಬ್ಡಿನಮ್‌ದು ಕಣೋ, ಎರಡನೇ ಮೆಟ್ಟಿಲು. ಸಾವಿರದ ನೂರ ನಲವತ್ತು ಇರ್ಬೋದು. ಸಿಕ್ಕಿರೋ ನ್ಯೂಕ್ಲಿಯಸ್ಸೇ ಬೆರಳೆಣಿಕೆಯಷ್ಟು, ಯಾರಿಗೂ ಹೇಳ್ಬೇಡ." ನಾನು ಕೋಣೆಗೆ ಹೋಗಿ, ಸುಮ್ಮನೆ ನೋಡೋಣ ಎಂದು ಅದನ್ನು ಪಟ್ಟಿಯ ಕೊನೆಗೆ ಸೇರಿಸಿದೆ. ನೂರು ಬರೆದರೆ ಬಲಗಳು ಅಲುಗಲಿಲ್ಲ, ಐದು ಬರೆದೆ. ಆಮೇಲೆ ತೆಗೆಯಬೇಕು ಎಂದುಕೊಂಡದ್ದು ನಿಜವೋ, ಈಗ ನನ್ನ ಸಮಾಧಾನಕ್ಕೆ ಹುಟ್ಟಿಸಿಕೊಳ್ಳುತ್ತಿದ್ದೇನೋ ನನಗೇ ತಿಳಿಯದು. ತೆಗೆಯಲಿಲ್ಲ. ವಸಂತ್ ಆಗ ಅದನ್ನು ಪ್ರಕಟಿಸಲಿಲ್ಲ, ಅವನು ಮರೆತ, ನಾನೂ ಮರೆತೆ. ಸಂತೆಯಲ್ಲಿ ಚಕ್ಕೋತವನ್ನೂ ನಂಬದವನು, ಊಟದ ಸಾಲಿನಲ್ಲಿ ಕಿವಿಗೆ ಬಿದ್ದ ಒಂದು ಅಂಕಿಯನ್ನು ಐವತ್ತೆಂಟು ಅಳತೆಗಳಿಗಿಂತ ಹೆಚ್ಚು ನಂಬಿದ್ದೆ. ನನ್ನ ಹೆಂಡತಿಯ ಗಾದೆ ಕಿವಿಯಲ್ಲಿ ಗುಂಯ್‌ಗುಟ್ಟಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಇನ್ನು ಮುಂದಿನದನ್ನು ಹೇಳಲು ನಾಚಿಕೆ ಇನ್ನೂ ಹೆಚ್ಚು. ಉತ್ತರವನ್ನೇ ಪ್ರಶ್ನೆಯೊಳಗೆ ಬಚ್ಚಿಟ್ಟಿದ್ದೆ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಡಿಸ್ಕನ್ನು ಮತ್ತೆ ಅಟ್ಟಕ್ಕೆ ಹಾಕಿದೆ. ಮೊದಲ ಪ್ರಬಂಧ, ಅದರ ಮೇಲೆ ಕಟ್ಟಿದ ಹದಿನೈದು ಪ್ರಬಂಧ, ಸಮ್ಮೇಳನದ ಕರೆಗಳು, ಎಲ್ಲವೂ ಕಣ್ಣ ಮುಂದೆ ಬಂದವು. ಯಾರಿಗೂ ಗೊತ್ತಿಲ್ಲ. ಅಕ್ಷತಳಿಗೆ ಸಹಿ ಹಾಕಿಕೊಟ್ಟುಬಿಟ್ಟರೆ ಅವಳಿಗೂ ಒಳ್ಳೆಯದು, ನನಗೂ ಒಳ್ಳೆಯದು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನಂತೆ ಹಾಕೋಣ ಎಂದು ಐದು ದಿನ ಯೋಚಿಸಿ ಗಟ್ಟಿ ಮಾಡಿಕೊಂಡೆ.

ಇಪ್ಪತ್ತಮೂರರ ಬೆಳಿಗ್ಗೆ ಅವಳನ್ನು ಕರೆಸಿದೆ. "ಹೋಗ್ಲಿ ಬಿಡಮ್ಮಾ, ನಾನು ಪರಿಶೀಲನೆ ಮಾಡ್ದೆ. ನಿನ್ನ ಲೆಕ್ಕ ಸರಿಯಾಗಿದೆ. ಥೀಸಿಸ್ ತಾ, ಸಹಿ ಹಾಕ್ತೀನಿ."

ಅವಳು ಒಂದಲ್ಲ, ಎರಡು ಥೀಸಿಸ್ ಮೇಜಿನ ಮೇಲಿಟ್ಟಳು. ಒಂದಕ್ಕೆ ನೀಲಿ ರಟ್ಟು, ಒಂದಕ್ಕೆ ಕಂದು. ಹಿಂದೆಯೇ ಪಿಳ್ಳಣ್ಣ ಬಂದು ಬಾಗಿಲ ಬಳಿ ನಿಂತ.

"ಇದೇನಿದು ಎರಡು?"

"ಸಹಿ ಹಾಕೋಕೆ ಮುಂಚೆ ನಿಮ್ಮ ಬೀರುವಿನ ಮೇಲಿನ ಖಾನೆಲಿರೋ ಲಕೋಟೆ ತೆಗೀರಿ ಸರ್. ಚಾಕ್‌ಪೀಸ್ ಡಬ್ಬದ ಕೆಳಗಿದೆ."

ನಾನೇ ಬೀಗ ತೆಗೆದೆ. ಡಬ್ಬದ ಕೆಳಗೆ ಒಂದು ಖಾಕಿ ಲಕೋಟೆ. ಅಂಟಿನ ಮೇಲೆ ಅಡ್ಡವಾಗಿ ತಾರೀಖು, ಮಾರ್ಚ್ ನಾಲ್ಕು. ಕೆಳಗೆ ಅಕ್ಷತಳ ಸಹಿ, ಅದರ ಪಕ್ಕ ಸಾಕ್ಷಿಯೆಂದು ಪಿಳ್ಳಣ್ಣನ ಗುಂಡು ಗುಂಡಾದ ಸಹಿ. ನಾನು ದಿನಾ ಎಳೆದು ಎಳೆದು ಪರೀಕ್ಷಿಸುತ್ತಿದ್ದ ಬೀಗದ ಹಿಂದೆಯೇ ಅದು ಮೂರೂವರೆ ತಿಂಗಳಿಂದ ಕೂತಿತ್ತು.

"ನೀವು ಬೈದ್ರಲ್ಲ ಸಾರ್, ಅದು ಈ ಲಕೋಟೆ" ಎಂದ ಪಿಳ್ಳಣ್ಣ. "ವಸಂತ್ ಸರ್ ಲಕೋಟೆ ತೆಗ್ಯೋ ಗಂಟ ಯಾರ್ಗೂ ಹೇಳ್ಬೇಡಿ ಅಂತ ಈ ಹುಡ್ಗಿ ಮಾತು ಇಸ್ಕೊಂಡಿತ್ತು. ತೆಗುದ್ ಮ್ಯಾಲೂ, ಇನ್ನೊಂಚೂರು ತಡೀರಿ ಅಂದ್ಬುಡ್ತು."

ನಾನು ಹರಿದೆ. ಒಳಗೆ ಒಂದೇ ಹಾಳೆ, ಅಕ್ಷತಳ ಕೈಬರಹ. 'ಅಚ್ಚಾದ ಐವತ್ತೆಂಟು ಅಂಕಿಗಳಿಂದ ಹೊಂದಿಸಿದರೆ ಸರ್ ಅವರ ಬಲಪಟ್ಟಿ ಬರುವುದಿಲ್ಲ. ಆರು ತಿಂಗಳು ಪ್ರಯತ್ನಿಸಿದೆ. ಪಟ್ಟಿಯಲ್ಲಿಲ್ಲದ ಇನ್ನೊಂದು ಅಂಕಿ ಸೇರಿಸಿದರೆ ಬರುತ್ತದೆ. ಅದು ಈ ನ್ಯೂಕ್ಲಿಯಸ್ಸಿನ ಎರಡನೇ ಮೆಟ್ಟಿಲು, ಸುಮಾರು 1140 ಇರಬೇಕು. ವಸಂತ್ ಸರ್ ಲಕೋಟೆಯಲ್ಲೂ ಇದೇ ಇದ್ದರೆ ನನ್ನ ಅನುಮಾನ ನಿಜ. ಆ ಅಂಕಿ ಇಲ್ಲದೆ ಹೊಂದಿಸಿದರೆ ಉತ್ತರ 1291.' ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಸಾಲು: 'ದೇವರೇ, ನನ್ನ ಲೆಕ್ಕ ತಪ್ಪಾಗಲಿ.'

ಮೇಲೊಂದು ವಿಮಾನ ಹಾದುಹೋಯಿತು. ಅದು ಹೋಗುವಷ್ಟರಲ್ಲಿ ಆ ಹಾಳೆಯನ್ನು ಎರಡನೇ ಸಲ ಓದಿದ್ದೆ. ಆವತ್ತು ಚಪ್ಪಾಳೆಯ ನಡುವೆ ಅವಳು ಯಾಕೆ ನಗಲಿಲ್ಲ ಎಂದು ಈಗ ಗೊತ್ತಾಯಿತು. ಅವಳು ಕಳ್ಳಿಯಾಗಿರಲಿ ಎಂದು ನಾನು ಒಂದು ವಾರ ಹುಡುಕಾಡಿದ್ದೆ. ಅವಳು ಮಾತ್ರ ನಾನು ಕಳ್ಳನಾಗಿರದಿರಲಿ ಎಂದು ಬೇಡಿಕೊಂಡಿದ್ದಳು.

"ಮೊದಲೇ ಯಾಕೆ ಹೇಳ್ಲಿಲ್ಲ?" ಕೇಳಿದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

"ಮೂಲಪಟ್ಟಿ ಕೇಳಿದ್ದಕ್ಕೇ ಬೈದ್ರಿ ಸರ್. ಇದನ್ನ ಹೇಳಿದ್ರೆ ನೀವು ಸಹಿ ಹಾಕ್ತಿದ್ರಾ?" ಅವಳು ನೀಲಿ ಪುಸ್ತಕವನ್ನು ಮುಟ್ಟಿದಳು. "ಇದ್ರಲ್ಲಿ 1139. ನಿಮ್ಮ ಬಲಪಟ್ಟಿ ಹೇಳಿದ ಹಾಗೆ." ಕಂದು ಪುಸ್ತಕ ಮುಟ್ಟಿದಳು. "ಇದ್ರಲ್ಲಿ 1291. ಯಾಕೆ ಅಂತ ನಾಲ್ಕನೇ ಅಧ್ಯಾಯದಲ್ಲಿ ಬರ್ದಿದ್ದೀನಿ. ನಿಮ್ಮ ಹೆಸರೂ ಇದೆ. ಸಹಿ ಇಲ್ದೆ ಎರಡೂ ರದ್ದಿ ಪೇಪರ್ ಸರ್. ಯಾವುದಕ್ಕೆ ಹಾಕ್ತೀರೋ ಹಾಕಿ."

"ನೀಲಿಗೆ ಹಾಕಿದ್ರೆ?"

"ಒಪ್ಪಿಸಲ್ಲ. ಊರಿಗೆ ಹೋಗ್ತೀನಿ."

ಕಂದು ಪುಸ್ತಕ ತೆರೆದು 'ಸ್ವಂತ ಮತ್ತು ಪ್ರಾಮಾಣಿಕ' ಎಂಬ ಸಾಲಿನ ಕೆಳಗೆ ನನ್ನ ಹೆಸರು ಬರೆದೆ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, 2012ರ ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯತೊಡಗಿದೆ. ಬಲಪಟ್ಟಿ ಹೊಂದಿಸುವಾಗ ಪ್ರಕಟವಾಗದ ಒಂದು ಅಂಕಿಯನ್ನು ಬಳಸಿ, ಅದನ್ನು ಪಟ್ಟಿಯಲ್ಲಿ ಹೇಳದೆ ಬಿಟ್ಟಿದ್ದೇನೆ, ತಪ್ಪು ಸಂಪೂರ್ಣ ನನ್ನದು, ಪತ್ತೆ ಮಾಡಿದವಳು ನನ್ನ ವಿದ್ಯಾರ್ಥಿನಿ. ಆರು ಸಾಲು ಬರೆಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಪಿಳ್ಳಣ್ಣ ಯಾವಾಗಲೋ ಟೀ ತಂದಿಟ್ಟಿದ್ದ, ಕೆನೆಗಟ್ಟಿತ್ತು.

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ.

"ತಡೀರಿ ಸರ್" ಎಂದಳು ಅಕ್ಷತ. "ಕಳ್ಸೋಕೆ ಮುಂಚೆ ನಾನೊಂದ್ಸಲ ಓದ್ಲಾ?"

ಆರು ವರ್ಷದಲ್ಲಿ ನಾನು ಬರೆದದ್ದನ್ನು ಅವಳು ತಾನಾಗಿ ಪರೀಕ್ಷಿಸಲು ಕೇಳಿದ್ದು ಅದೇ ಮೊದಲು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವಳು ಕೂತು, ಹಳೆಯ ಪ್ರಬಂಧವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಒಂದೊಂದೇ ಸಾಲನ್ನು ತಾಳೆ ನೋಡತೊಡಗಿದಳು. ಪಿಳ್ಳಣ್ಣನ ಪಕ್ಕದಲ್ಲಿ, ಬಾಗಿಲ ಹತ್ತಿರ, ನಾನು ಕಾಯುತ್ತ ನಿಂತೆ.